ಏಳನೆಯ ಪೀಪಾಯಿ

ಆ ಕುರ್ಚಿ ಅವನಿಗೆಂದು ಹಾಕಿದ್ದಲ್ಲ. ಹಾಕಿದವನು ಮಾತ್ರ ಅವನೇ. ರುಚಿ ನೋಡುವ ದಿನ ಬ್ರೂವರಿಯ ಮುಂದಿನ ಕೋಣೆಯಲ್ಲಿ ಮೇಜಿನ ಸುತ್ತ ನಾಲ್ಕು ಕುರ್ಚಿ ಎಳೆದಿಡುವುದು, ಒಂದೊಂದು ಕುರ್ಚಿಯ ಎದುರಿಗೂ ನಾಲ್ಕು ನಾಲ್ಕು ಗ್ಲಾಸು ಜೋಡಿಸುವುದು, ನೀರಿನ ಹೂಜಿ ತುಂಬಿ ನಡುವೆ ಇಡುವುದು, ಆಮೇಲೆ ಒಳಗೆ ಹೋಗಿ ತೊಟ್ಟಿಯ ಬಳಿ ನಿಲ್ಲುವುದು, ಇದು ಒಂದೂವರೆ ವರ್ಷದಿಂದ ಬಳೆಗಾರನ ಕೆಲಸ. ಪೀಪಾಯಿಯ ಸೊಂಟಕ್ಕೆ ಕಬ್ಬಿಣದ ಬಳೆ ತೊಡಿಸಿ ಬಿಗಿಯುವವನೆಂದು ಯಾರೋ ಎಂದೋ ತಮಾಷೆಗೆ ಇಟ್ಟ ಹೆಸರು ಅದು. ಬಳೆ ತೊಡಿಸುವ ಕೆಲಸ ಕೈಬಿಟ್ಟ ಮೇಲೂ ಹೆಸರು ಅವನನ್ನು ಬಿಟ್ಟಿರಲಿಲ್ಲ. ಗ್ಲಾಸು ತೊಳೆಯುವವನನ್ನು ಬಳೆಗಾರ ಎಂದು ಕರೆದಾಗಲೆಲ್ಲ, ಸತ್ತ ಎತ್ತಿನ ಗಂಟೆಯನ್ನು ಮೇಕೆಯ ಕೊರಳಿಗೆ ಕಟ್ಟಿದ ಹಾಗೆ ಅವನಿಗೆ ಅನ್ನಿಸುತ್ತಿತ್ತು. ಆದರೆ ಗ್ಲಾಸು ತೊಳೆಯುವುದನ್ನೂ ಅವನು ಅಚ್ಚುಕಟ್ಟಾಗಿಯೇ ಕಲಿತಿದ್ದ. ಸೋಪಿನ ವಾಸನೆ ಎಳ್ಳಷ್ಟು ಉಳಿದರೂ ಬಿಯರಿನ ನೊರೆ ನಿಲ್ಲುವುದಿಲ್ಲವೆಂದು, ಸೋಡಾ ಹಾಕಿದ ಬಿಸಿನೀರಿನಲ್ಲಿ ಎರಡು ಸಲ ಜಾಲಿಸಿ, ಬಟ್ಟೆ ಮುಟ್ಟಿಸದೆ, ಮರದ ಜಾಲರಿಯ ಮೇಲೆ ಬೋರಲು ಹಾಕಿ ಒಣಗಿಸುತ್ತಿದ್ದ. ತಪ್ಪು ಮಾಡಿ ಕ್ಷಮೆ ಪಡೆದವನು ತೋರಿಸುವ ಅಚ್ಚುಕಟ್ಟು ಅದು. ಯಾರೂ ಕೇಳದಿದ್ದರೂ ಒಂದು ಗ್ಲಾಸನ್ನು ಬೆಳಕಿಗೆ ಹಿಡಿದು ಮೂರು ಸಲ ನೋಡುತ್ತಿದ್ದ.

ನಾಲ್ಕನೆಯ ಕುರ್ಚಿಯ ಶಾಲೆ ಮೇಷ್ಟರು ನೆಗಡಿಯೆಂದು ಬರಲಿಲ್ಲ. ಬಂದವರು ಇಬ್ಬರು. ಒಬ್ಬರು ದನದ ಡಾಕ್ಟರು. ಮೂವತ್ತು ವರ್ಷ ಬಾಯಿಲ್ಲದ ರೋಗಿಗಳ ಜೊತೆ ಕಳೆದು, ಈಗ ನಿವೃತ್ತರಾಗಿ, ತಿರುಗಿ ಮಾತಾಡುವ ಪ್ರಾಣಿ ಎಲ್ಲಿ ಸಿಕ್ಕರೂ ಅಲ್ಲಿ ಕೂರುವವರು. ಇನ್ನೊಬ್ಬಳು ಪಟ್ಟಣದಲ್ಲಿ ಮೂರು ಮದ್ಯದ ಅಂಗಡಿ ನಡೆಸುವ ಹೆಂಗಸು. ಮೊದಲ ಸಲ ಬಂದಿದ್ದಳು. ಅವಳು ಒಪ್ಪಿದರೆ ಈ ಬ್ರೂವರಿಯ ಹೆಸರು ಅವಳ ಅಂಗಡಿಗಳ ಕಪಾಟು ಹತ್ತುತ್ತದೆಂದು ಎರಡು ವಾರದಿಂದ ಗೋಡೆಗೆ ಸುಣ್ಣ ಬಳಿಸಿ, ಬಾಗಿಲಿಗೆ ಎಣ್ಣೆ ಹಚ್ಚಿಸಿ, ಹಗಲೆಲ್ಲ ಅದೇ ಧ್ಯಾನದಲ್ಲಿದ್ದವನು ಭಾಮೈದ. ಬ್ರೂವರಿಯ ಯಜಮಾನ, ಬಳೆಗಾರನ ಹೆಂಡತಿಯ ಬೆನ್ನಿಗೆ ಹುಟ್ಟಿದ ತಮ್ಮ.

"ಮೂರೇ ಜನ ಆದ್ರೆ ಹೇಗಯ್ಯ," ಅಂದರು ಡಾಕ್ಟರು. "ನಾಲ್ಕು ಗ್ಲಾಸು, ನಾಲ್ಕು ನಾಲಿಗೆ ಅಂತ ನೀನೇ ಕಟ್ಟಳೆ ಮಾಡಿದ್ದು. ಬಳೆಗಾರನ್ನ ಕೂರಿಸು."

"ಭಾವನಿಗೆ ಒಳಗೆ ಕೆಲಸ ಇದೆ ಡಾಕ್ಟ್ರೇ."

"ಕೆಲಸ ಏನು ಹಗ್ಗ ಕಿತ್ಕೊಂಡು ಓಡಿಹೋಗುತ್ತಾ? ಕೂರಯ್ಯ ಬಳೆಗಾರ. ನಿನ್ನ ನಾಲಿಗೆಗೂ ರಜಾ ಕೊಟ್ಟಿದ್ದಾನಾ ನಿನ್ನ ಭಾಮೈದ?"

ಹೂಜಿ ಹಿಡಿದುಕೊಂಡೇ ನಿಂತಿದ್ದ ಬಳೆಗಾರ ಭಾಮೈದನ ಮುಖ ನೋಡಿದ. ಭಾಮೈದ ನಕ್ಕ. ನಗುವ ಮೊದಲು ಒಂದು ಕ್ಷಣ ಕಿಟಕಿಯ ಕಡೆ ನೋಡಿದ್ದನ್ನು ಬಳೆಗಾರ ಕಂಡ, ಆದರೆ ಅದಕ್ಕೆ ಅರ್ಥ ಹಚ್ಚಲಿಲ್ಲ. ಅಂಗಡಿಯಾಕೆ, "ಕೂತ್ಕೊಳ್ಳಿ, ಪರವಾಗಿಲ್ಲ," ಅಂದಳು. ಆ 'ಪರವಾಗಿಲ್ಲ' ಅನ್ನುವುದು ಬೂಟಿನೊಳಗೆ ಸೇರಿದ ಹರಳಿನ ಹಾಗೆ ಚುಚ್ಚಿತು. ಈ ಮೇಜಿನ ಹಲಗೆಯನ್ನು ಕೀಸುಳಿ ಹಾಕಿ ನಯ ಮಾಡಿದವನು ಅವನು. ಕೆಳಗೆ ನೆಲಮಾಳಿಗೆಯಲ್ಲಿ ಮಲಗಿರುವ ಪೀಪಾಯಿಗಳೆಲ್ಲ ಅವನ ಮಂಡಿಗಳ ನಡುವೆ ಎದ್ದು ನಿಂತವು. ಅದನ್ನು ಅವಳಿಗೆ ಯಾರು ಹೇಳಬೇಕು, ಹೇಳಿದರೆ ಏನಾಗಬೇಕು. ಸೊಂಟಕ್ಕೆ ಕಟ್ಟಿಕೊಂಡ ಬಟ್ಟೆಗೆ ಕೈ ಒರೆಸಿಕೊಂಡು ಕುರ್ಚಿಯ ತುದಿಯಲ್ಲಿ ಕೂತ. ಕೂತ ಮೇಲೆ ಕೈಗಳನ್ನು ತೊಡೆಯ ಮೇಲೆ ಒಂದರ ಮೇಲೊಂದು ಇಟ್ಟುಕೊಂಡ.

ಅಂದಿನ ಪಾನೀಯ ಬಾರ್ಲಿ ವೈನ್. ಹೆಸರಿಗೆ ವೈನು, ಹುಟ್ಟಿನಿಂದ ಬಿಯರು. ಸಾಮಾನ್ಯ ಬಿಯರಿಗೆ ಹಾಕುವುದರ ಎರಡು ಪಟ್ಟು ಕಾಳು ಹಾಕಿ, ಹೊತ್ತು ಹೊತ್ತು ಕುದಿಸಿ, ಜೇನಿನಷ್ಟು ದಪ್ಪವಾದ ಮೇಲೆ ಹುದುಗು ಹಾಕಿ, ಪೀಪಾಯಿಗೆ ತುಂಬಿ, ಮರೆತವರ ಹಾಗೆ ಎರಡು ವರ್ಷ ಇಡಬೇಕು. ಇದರಲ್ಲಿ ಬಾರ್ಲಿಯ ಜೊತೆ ರೈ ಕಾಳೂ ಇತ್ತು, ನೀಳ ಮುಖದ ಬೂದು ಕಾಳು. ಗೋಧಿ ಬಾರದ ಬಡ ನೆಲದಲ್ಲೂ ಬರುತ್ತದೆ, ಬಾಯಿಗೆ ಸ್ವಲ್ಪ ಒರಟು. ಕುಡಿದಾಗ ಕೊನೆಯಲ್ಲಿ ಮೆಣಸು ಕಚ್ಚಿದಂಥ ಚುರುಕು ಅದರಿಂದಲೇ. ಪ್ರತಿ ಗ್ಲಾಸಿನ ಅಡಿಗೆ ಒಂದು ಚೀಟಿ ಬೋರಲಾಗಿ ಅಂಟಿತ್ತು. ಯಾವುದು ಯಾವುದೆಂದು ಭಾಮೈದನೊಬ್ಬನಿಗೇ ಗೊತ್ತು. ಎದುರಿಗೆ ಒಂದೊಂದು ಹಾಳೆ: ಬಣ್ಣ, ವಾಸನೆ, ರುಚಿ, ಕೊನೆಗೆ ದೋಷ ಎಂಬ ಕಾಲಮು.

ಮೊದಲನೆಯದು ಹೋದ ಸಲದ್ದೆಂದು ಬಳೆಗಾರನಿಗೆ ಮೂಗಿನಲ್ಲೇ ಗೊತ್ತಾಯಿತು. ಎರಡನೆಯದು ಉಕ್ಕಿನ ಟ್ಯಾಂಕಿನಲ್ಲಿ ಇಟ್ಟದ್ದು, ಮರದ ಮುಖ ನೋಡದ್ದು. ಸಿಹಿಯಿತ್ತು, ಆದರೆ ಗೋಡೆಯಿಲ್ಲದ ಮನೆಯ ಹಾಗೆ ಎಲ್ಲಿ ಬೇಕಾದಲ್ಲಿ ಹರಿದು ಹೋಗುತ್ತಿತ್ತು. ಮೂರನೆಯದಕ್ಕೆ ಅವನ ಎದೆ ಹಿಗ್ಗಿತು. ಓಕ್ ಮರ, ಹಳೆಯ ವಿಸ್ಕಿಯ ನೆನಪು, ಸುಟ್ಟ ಸಕ್ಕರೆ, ಒಣದ್ರಾಕ್ಷಿ. ತನ್ನ ಆರು ಪೀಪಾಯಿಗಳನ್ನು ಬೆರೆಸಿದ್ದು. ಆರೂ ಚೆನ್ನಾಗಿ ಉಳಿದಿವೆ. ಏಳನೆಯದು ಒಂದು ಹೋಯಿತಲ್ಲ ಎಂಬ ಹಳೆಯ ಸಂಕಟ, ದಿನಕ್ಕೊಂದು ಸಲ ಬಂದು ಹೋಗುವುದು, ಈಗಲೂ ಬಂದು ಬಾಗಿಲಲ್ಲಿ ನಿಂತಿತು. ನಾಲ್ಕನೆಯ ಗ್ಲಾಸನ್ನು ಅವನು ಎರಡೂ ಕೈಯಲ್ಲಿ ಹಿಡಿದು ಎತ್ತಿದ. ಈಚೆಗೆ ಏನನ್ನು ಎತ್ತಿದರೂ ಎರಡೂ ಕೈಯಲ್ಲೇ.

"ನೋಡಿ ಅಮ್ಮಾ, ಕುಡಿಯೋ ಕ್ರಮ ಅಂದ್ರೆ ಅದು," ಅಂದರು ಡಾಕ್ಟರು ಅಂಗಡಿಯಾಕೆಗೆ. "ಅಂಗೈ ಶಾಖ ತಾಗಿಸಿ, ಹಕ್ಕಿಮರಿ ಹಿಡಿದ ಹಾಗೆ. ನಾವೆಲ್ಲ ಕಾಲು ಹಿಡಿದು ಕೋಳಿ ಎತ್ತೋರು."

ಅಂಗಡಿಯಾಕೆ ನಕ್ಕು ತಾನೂ ಎರಡು ಕೈಯಲ್ಲಿ ಹಿಡಿದಳು. ಭಾಮೈದ ಮಾತ್ರ ಹಾಳೆಯ ಮೇಲೆ ಏನನ್ನೋ ಬರೆಯುತ್ತಿದ್ದವನು ಬರೆಯುತ್ತಲೇ ಇದ್ದ.

ಬಾಯಿಗೆ ಹೋದ ಕೂಡಲೇ ಮೊದಲು ಬಂದದ್ದು ಸಿಹಿ, ಆಮೇಲೆ ಬಿಸಿ, ಆಮೇಲೆ ರೈ ಕಾಳಿನ ಚುರುಕು. ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ನುಂಗಿದ ಮೇಲೆ ನಾಲಿಗೆಯ ಬೇರಿನ ಹತ್ತಿರ ಇನ್ನೇನೋ ಒಂದು ನಿಧಾನವಾಗಿ ಎದ್ದು ಕೂತಿತು. ಜೇನೂ ಅಲ್ಲದ ಹಣ್ಣೂ ಅಲ್ಲದ, ಬಿಸಿಲಿನಲ್ಲಿ ಬಿದ್ದು ಒಡೆದ ಹಿಪ್ಪುನೇರಳೆಯ, ಅದರ ಮೇಲೆ ಕೂತ ನೊಣದ, ತುಳಿದು ಕಪ್ಪಾದ ಅಂಗಳದ ವಾಸನೆ. ಅವನು ಕಣ್ಣು ಮುಚ್ಚಿದ. ಮಾವನ ಮನೆಯ ಅಂಗಳದಲ್ಲಿ ಆ ಮರ ಗಾಳಿಗೆ ಬಿದ್ದಾಗ ಅದರ ಬೇರು ಎತ್ತಿದ ಗುಂಡಿಯಲ್ಲಿ ಕೋಳಿಗಳು ಮಣ್ಣು ಕೆದಕುತ್ತಿದ್ದವು. ಕಾಂಡದ ಮೇಲೆ ಕೈ ಸವರಿ, ಇದನ್ನು ಸೌದೆಗೆ ಹಾಕುವುದು ಪಾಪ ಅಂದದ್ದು ಅವನೇ. ಗಾಡಿಯಲ್ಲಿ ಹೇರಿ ತಂದು ಎರಡು ಹಲಗೆ ಸೀಳಿ ನೆರಳಲ್ಲಿ ಒಣಗಲು ಇಟ್ಟಿದ್ದ, ಯಾವ ಕೆಲಸಕ್ಕೆಂದು ಗೊತ್ತಿಲ್ಲದೆ. ಹಲಗೆ ಒಣಗುತ್ತ ಮೂರು ವರ್ಷ ಕಾದಿತ್ತು. ಏಳನೆಯ ಪೀಪಾಯಿ ಕಟ್ಟುವ ದಿನ ಕೊನೆಯ ಓಕ್ ಹಲಗೆಯನ್ನು ಅವನು ಒಂದು ಬೆರಳು ಗಿಡ್ಡ ಕುಯ್ದ. ನಲವತ್ತು ವರ್ಷದಲ್ಲಿ ಮಾಡದ ತಪ್ಪು. ಗೆರೆ ಎಳೆದದ್ದು ಸರಿಯಾಗಿಯೇ ಇತ್ತು. ಗರಗಸ ಹಿಡಿದ ಕೈ ಗೆರೆಯ ಈಚೆಗೆ ಕೂತಿತ್ತು, ಅಷ್ಟೆ, ಯಾರೋ ಪಕ್ಕದಿಂದ ಮೊಣಕೈ ತಟ್ಟಿದ ಹಾಗೆ. ಹೊಸ ಹಲಗೆ ತರಿಸಿ ಎಂದು ಹೋಗಿ ಕೇಳಬೇಕಿತ್ತು. ಕೇಳಿದರೆ ಏಕೆ ಎಂಬ ಪ್ರಶ್ನೆ ಬರುತ್ತಿತ್ತು. ಮನೆಗೆ ಬಂದು ಹಿಪ್ಪುನೇರಳೆಯ ಒಂದು ಹಲಗೆಯನ್ನು ಕುಯ್ದ. ಅಲುಗದಂತೆ ಆ ತುದಿಯನ್ನು ಹೆಂಡತಿ ಹಿಡಿದುಕೊಂಡಿದ್ದಳು. "ಯಾರಿಗೂ ಹೇಳ್ಬೇಡ," ಅಂದಿದ್ದ. "ನಾನ್ಯಾರಿಗೆ ಹೇಳ್ಲಿ," ಅಂದಿದ್ದಳು, ಮರದ ಪುಡಿ ಊದುತ್ತ. ಮೂವತ್ತು ಓಕ್ ಹಲಗೆಯ ನಡುವೆ ಅದೊಂದನ್ನು ಸೇರಿಸಿ, ಒಳಗೆ ಬೆಂಕಿ ಹಾಕಿ ಎಲ್ಲದರ ಮುಖವನ್ನೂ ಒಂದೇ ಸಮ ಕಪ್ಪಾಗಿಸಿ, ಬಳೆ ಬಿಗಿದು, ನೆಲಮಾಳಿಗೆಯಲ್ಲಿ ಆ ಹಲಗೆ ಗೋಡೆಗೆ ಮುಖ ಮಾಡುವ ಹಾಗೆ ಮಲಗಿಸಿದ್ದ.

ಅವನು ಇನ್ನೊಂದು ಗುಟುಕು ಕುಡಿದ. ಸಂಶಯಕ್ಕೆ ಎಡೆಯಿರಲಿಲ್ಲ. ಸಾಲಿನಲ್ಲಿ ಬರುವ ನೂರು ದನದ ನಡುವೆ ತನ್ನದನ್ನು ಗೊರಸಿನ ಸದ್ದಿನಿಂದ ಹಿಡಿಯುವವರಿದ್ದಾರೆ, ಇದೂ ಹಾಗೆಯೇ. ಚರಂಡಿಗೆ ಹೋದದ್ದು ಗ್ಲಾಸಿನಲ್ಲಿತ್ತು.

ಒಂದೂವರೆ ವರ್ಷದ ಹಿಂದೆ ಭಾಮೈದ ಅದನ್ನು ಹೇಳಲು ಮನೆಗೇ ಬಂದಿದ್ದ. ಪೀಪಾಯಿ ತುಂಬಿ ಆರು ತಿಂಗಳಾಗಿತ್ತು. ಬಂದವನು ಕೂರಲಿಲ್ಲ, ಬಾಗಿಲ ಚೌಕಟ್ಟಿಗೆ ಒರಗಿ ನಿಂತು, "ಏಳನೇದು ಹುಳಿ ಬಂತು ಭಾವ. ಬೆಳಿಗ್ಗೆ ಚರಂಡಿಗೆ ಬಿಟ್ಟೆ," ಅಂದ. ಹೆಂಡತಿ ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತಿದ್ದಳು. ಹೊಸ ಪೀಪಾಯಿಯ ಬಿರಡೆ ತೆಗೆದ ದಿನ ಮೊದಲ ಗುಟುಕು ಅದನ್ನು ಕಟ್ಟಿದವನದು ಎಂಬುದು ಆ ಬ್ರೂವರಿಯಲ್ಲಿ ಹಳೆಯ ಯಜಮಾನನ ಕಾಲದಿಂದ ಬಂದ ನಡವಳಿ. ನನ್ನನ್ನು ಕರೆಯದೆ ಏಕೆ ತೆಗೆದೆ ಎಂದು ಬಳೆಗಾರ ಕೇಳಲಿಲ್ಲ. ಅವನಿಗೆ ಕಾಣಿಸುತ್ತಿದ್ದದ್ದು ಒಂದೇ, ಗೋಡೆಗೆ ಮುಖ ಮಾಡಿದ ಆ ಹಲಗೆ. ಭಾಮೈದ ಹೋಗುವ ಮುಂಚೆ ಮೆಟ್ಟಿಲ ಮೇಲೆ ನಿಂತು, "ಬೇರೆ ಮರ ಬೆರೆತ್ರೆ ಹೀಗೇ ಆಗೋದು, ಬಿಡಿ. ನಾನು ಯಾರ ಹತ್ರಾನೂ ಆಡಲ್ಲ," ಅಂದ. ಬಳೆಗಾರ ಸೊಂಟದ ಗೊಂಚಲಿನಿಂದ ನೆಲಮಾಳಿಗೆಯ ಕೀಲಿ ಬಿಡಿಸಿ ಕೊಟ್ಟ. ಬಿಡಿಸಲು ಹೊತ್ತು ಹಿಡಿಯಿತು. "ಏನವಸರ ಭಾವ," ಅನ್ನುತ್ತಲೇ ಭಾಮೈದ ಕೈ ಚಾಚಿದ್ದ. ಅಂದಿನಿಂದ ಆ ಮೆಟ್ಟಿಲು ಇಳಿದಿರಲಿಲ್ಲ. ಒಂದೂವರೆ ವರ್ಷ ಪ್ರತಿ ಬೆಳಿಗ್ಗೆ ಗ್ಲಾಸಿನ ತೊಟ್ಟಿಯ ಮುಂದೆ ನಿಂತಾಗ ಅವನ ಮನಸ್ಸಿನಲ್ಲಿ ಇದ್ದದ್ದು ಕೃತಜ್ಞತೆ. ರುಚಿಯಿಂದಲೇ ಮರ ಕಂಡುಹಿಡಿದನಲ್ಲ, ಎಂಥ ನಾಲಿಗೆ, ಕಂಡುಹಿಡಿದೂ ಹೊರಗೆ ಬಿಡದೆ ಮಾನ ಕಾದನಲ್ಲ, ಎಂಥ ಗುಣ. ಹೆಂಡತಿಯ ಹತ್ತಿರ ಅದನ್ನೇ ಹೇಳುತ್ತಿದ್ದ. ನಿನ್ನ ತಮ್ಮ ಆಗಿದ್ದಕ್ಕೆ ಆಯ್ತು, ಬೇರೆಯವರಾಗಿದ್ರೆ ಬೀದೀಲಿ ನಿಲ್ಲಿಸ್ತಿದ್ರು. ಅವಳು ಹೂಂ ಅನ್ನುತ್ತಿದ್ದಳು. ಅವಳು ಹೂಂ ಅಂದದ್ದೆಲ್ಲ ಈಗ ಒಂದೊಂದಾಗಿ ಅವನ ಕಿವಿಗೆ ಬಂದು ಬೀಳತೊಡಗಿತು. ಯಾಕೆ ಹಾಗೆ ಬೀಳುತ್ತಿದೆಯೆಂದು ಆಗ ಇನ್ನೂ ತಿಳಿಯಲಿಲ್ಲ.

"ಇದು," ಅಂದಳು ಅಂಗಡಿಯಾಕೆ. ಅವಳ ದನಿ ಬದಲಾಗಿತ್ತು. ನಾಲ್ಕನೆಯ ಗ್ಲಾಸನ್ನು ಮೇಜಿಗೆ ಇಡದೆ ಹಿಡಿದುಕೊಂಡೇ ಇದ್ದಳು. "ಕೊನೇಲಿ ಏನೋ ಒಂದು ಬರುತ್ತಲ್ಲ, ಹಣ್ಣಿನ ಥರ. ಏನದು?"

"ರೈ ಕಾಳು," ಅಂದ ಭಾಮೈದ. "ಮತ್ತೆ ಕಾಲ. ಎರಡು ವರ್ಷ ಅಲ್ವಾ."

"ಕಾಲಕ್ಕೆ ಹಣ್ಣಿನ ರುಚಿ ಇರಲ್ಲ. ನನಗೆ ವಯಸ್ಸಾಯ್ತು, ನಾನು ಹೇಳ್ತೀನಿ ಕೇಳು," ಅಂದರು ಡಾಕ್ಟರು.

ಅಂಗಡಿಯಾಕೆ ನಗಲಿಲ್ಲ. "ಇದನ್ನ ಇನ್ನೊಂದು ಸಲ ಮಾಡಬಲ್ಲಿರಾ? ಇದನ್ನೇ. ಒಂದು ಸಲ ಬಂದು ಹೋಗೋದು ನನಗೆ ಬೇಡ. ಜನ ಮತ್ತೆ ಕೇಳ್ತಾರೆ, ನಾನು ಮುಖ ಎಲ್ಲಿಡ್ಲಿ?"

"ಮಾಡಬಹುದು. ಖಂಡಿತ ಮಾಡಬಹುದು," ಅಂದ ಭಾಮೈದ. ಅನ್ನುವಾಗ ಅವನ ಕಣ್ಣು ಬಳೆಗಾರನ ಮೇಲೆ ಹಾದು ಹೋಯಿತು. ಕೋಣೆಯಲ್ಲಿ ಎಲ್ಲರೂ ಇರುವಾಗ ದುಡ್ಡಿನ ಪೆಟ್ಟಿಗೆಯ ಕಡೆ ಒಮ್ಮೆ ನೋಡಿ ಬೇರೆ ಕಡೆ ನೋಡುವ ಹಾಗೆ. ಆಗ ಬಳೆಗಾರನಿಗೆ ತಿಳಿಯಿತು: ಹುಳಿಯೇ ಬಂದಿರಲಿಲ್ಲ, ಇವನ ನಾಲಿಗೆ ಏನನ್ನೂ ಕಂಡುಹಿಡಿದಿರಲಿಲ್ಲ. ಬೇರೆ ಮರ ಎಂಬುದು ಇವನಿಗೆ ಯಾರೋ ಹೇಳಿದ ಮಾತು.

"ನಿಮಗೇನನ್ನಿಸುತ್ತೆ?" ಅಂಗಡಿಯಾಕೆ ಬಳೆಗಾರನ ಕಡೆ ತಿರುಗಿದಳು. "ಈ ರುಚಿ ಎಲ್ಲಿಂದ?"

ಹೇಳಬೇಕಾದದ್ದು ಅವನ ಬಾಯಿಗೆ ಬಂದಿತ್ತು. ಇದು ನಾನು ಕಟ್ಟಿದ ಏಳನೆಯ ಪೀಪಾಯಿ, ಇದನ್ನು ಚೆಲ್ಲಿದೆ ಅಂತ ನನಗೆ ಹೇಳಿದ್ದರು. ಅಷ್ಟೇ ಮಾತು. ಆದರೆ ಅದರ ಬಾಲ ಹಿಡಿದು ಇನ್ನೊಂದು ಬರುತ್ತಿತ್ತು. ಹಾಗಾದರೆ ಬೇರೆ ಮರ ಏಕೆ ಹಾಕಿದೆ? ಓಕ್ ಹಲಗೆಗೆ ಏನಾಯಿತು? ಗಿಡ್ಡ ಏಕೆ ಆಯಿತು? ಕಳ್ಳ ಮಾಲು ಕಳೆದುಕೊಂಡವನು ಪೊಲೀಸರ ಹತ್ತಿರ ಹೋದ ಹಾಗೆ. ಗ್ಲಾಸನ್ನು ಎರಡೂ ಕೈಯಲ್ಲಿ ಮೇಜಿಗಿಟ್ಟ. ಗ್ಲಾಸಿನ ಕಾಲು ಮೇಜಿಗೆ ತಾಗುವಾಗ ಟಿಣಿಟಿಣಿ ಎಂದು ಎರಡು ಸಲ ಸದ್ದಾಯಿತು.

"ನನ್ನ ಬಾಯಿಗೆ ಗೊತ್ತಾಗ್ಲಿಲ್ಲಮ್ಮ," ಅಂದ. "ನಾನು ಗ್ಲಾಸು ತೊಳೆಯೋನು."

ಭಾಮೈದ ಉಸಿರು ಬಿಟ್ಟದ್ದು ಅವನಿಗೆ ಕೇಳಿಸಿತು. ಹಾಳೆ ತುಂಬಬೇಕಿತ್ತು. ಬಣ್ಣ, ವಾಸನೆ, ರುಚಿ ಎಲ್ಲಕ್ಕೂ ನಾಲ್ಕನೆಯದಕ್ಕೆ ಹತ್ತಕ್ಕೆ ಹತ್ತು ಹಾಕಿದ. ಸುಳ್ಳು ಹೇಳಿದ ಬಾಯಿ ಬೇರೆ, ರುಚಿ ಕಂಡ ನಾಲಿಗೆ ಬೇರೆಯೇನೋ ಎಂಬಂತೆ. ದೋಷ ಎಂಬ ಕಾಲಮಿನ ಮುಂದೆ ಪೆನ್ಸಿಲು ಸ್ವಲ್ಪ ಹೊತ್ತು ಆಡುತ್ತ ನಿಂತಿತು. ಕೊನೆಗೆ, ಒಂದನೆಯ ತರಗತಿಯವನ ಅಕ್ಷರದಲ್ಲಿ, 'ನನ್ನದು' ಎಂದು ಬರೆದ. ಹಾಳೆ ಒಟ್ಟು ಮಾಡುತ್ತ ಬಂದ ಭಾಮೈದ ಅದನ್ನು ಓದಿದ. ಉಳಿದವನ್ನು ಮೇಜಿನ ಮೇಲಿಟ್ಟು ಅದೊಂದನ್ನು ಮಡಿಸಿ ಜೇಬಿಗೆ ಹಾಕಿಕೊಂಡ.

ಅವರನ್ನು ಬೀಳ್ಕೊಟ್ಟು ಭಾಮೈದ ಒಳಗೆ ಬಂದಾಗ ಬಳೆಗಾರ ತೊಟ್ಟಿಯ ಮುಂದೆ ನಿಂತಿದ್ದ. ಹದಿನೈದು ಗ್ಲಾಸು ತೊಳೆದಾಗಿತ್ತು. ಹದಿನಾರನೆಯದು ಇನ್ನೂ ಪಕ್ಕದಲ್ಲಿತ್ತು, ತಳದಲ್ಲಿ ಕೆಂಪು ಕಂದು ಒಂದು ಹನಿ ಉಳಿಸಿಕೊಂಡು. ಬೋರಲು ಮಾಡಿ ಚೀಟಿ ನೋಡುವ ಅಗತ್ಯವಿರಲಿಲ್ಲ. ಆದರೂ ನೋಡಿದ್ದ. ಏಳು ಎಂದು ಭಾಮೈದನ ಕೈಬರಹದಲ್ಲಿತ್ತು, ಉರುಟಾಗಿ, ನಾಚಿಕೆಯಿಲ್ಲದೆ.

"ಒಪ್ಪಿದ್ರು ಭಾವ. ಮೂರೂ ಅಂಗಡಿಗೆ."

ಬಳೆಗಾರ ನೀರಿನಲ್ಲಿ ಕೈ ಆಡಿಸುತ್ತಿದ್ದ. ನೀರಿನೊಳಗೆ ಕೈ ನಡುಗುವುದು ಕಾಣಿಸುವುದಿಲ್ಲ.

"ನೀವು ಅಲ್ಲಿ ಏನೂ ಆಡ್ಲಿಲ್ಲವಲ್ಲ, ಅದು ನಿಮ್ಮ ದೊಡ್ಡತನ," ಅಂದ ಭಾಮೈದ.

"ದೊಡ್ಡತನ ಅಲ್ಲ."

ತೊಟ್ಟಿಯ ಅಂಚಿಗೆ ಒರಗಿ ಭಾಮೈದ ಕಾಲಿನ ಬೂಟು ನೋಡಿಕೊಂಡ. ಅಕ್ಕನ ಮದುವೆಯಾದ ಹೊಸದರಲ್ಲಿ ಅವಳ ಮನೆಗೆ ಬಂದವನು ಇದೇ ಬಳೆಗಾರನ ಪಕ್ಕ ಹೀಗೆಯೇ ಒರಗಿ ನಿಂತು, ಹಲಗೆಯ ಅಂಚು ಹೇಗೆ ಓರೆ ಕೀಸಬೇಕು, ಬೆಂಕಿಯ ಬಣ್ಣ ಯಾವಾಗ ಸಾಕು ಎಂದು ಕಲಿತಿದ್ದ. ಕೈಗಿಂತ ಲೆಕ್ಕ ಚೆನ್ನಾಗಿತ್ತು. ಅದಕ್ಕೇ ಯಜಮಾನನಾದ. ಅದರಲ್ಲಿ ಬಳೆಗಾರನಿಗೆ ಹೆಮ್ಮೆಯೇ ಇತ್ತು.

"ಆಗ ಒಂದು ಗುಟುಕು ಕುಡಿದೆ ಭಾವ," ಅಂದ. "ಆರು ತಿಂಗಳಿಗೇ ಹಾಗಿತ್ತು. ನಿಮಗೆ ಹೇಳಿದ್ರೆ ನೀವು ಖುಷಿಯಾಗಿ ಇನ್ನೂ ಹತ್ತು ಪೀಪಾಯಿಗೆ ಹಲಗೆ ಕೆತ್ತೋ ಬಾಚಿ ಹಿಡೀತಿದ್ರಿ."

"ಹಿಡಿದ್ರೆ?"

ಭಾಮೈದ ತೊಟ್ಟಿಯ ನೀರಿನ ಕಡೆ ನೋಡಿದ. ಬಳೆಗಾರ ಕೈ ಹೊರಗೆ ತೆಗೆಯಲಿಲ್ಲ.

"ಬೇರೆ ಮರ ಅಂತ ನಿನಗೆ ಯಾರು ಹೇಳಿದ್ದು?"

"ನಾನೊಬ್ನೇ ಅಲ್ಲ ಭಾವ," ಅಂದ ಭಾಮೈದ. "ಅಕ್ಕನ್ನ ಕೇಳಿ." ಹೊರಟವನು ಬಾಗಿಲಲ್ಲಿ ನಿಂತ. ಹೇಳಲೋ ಬೇಡವೋ ಎಂದು ತೂಗಿದಂತಿತ್ತು. ತೂಗಿದ್ದರಲ್ಲಿ ಯಾವಾಗಲೂ ಗೆಲ್ಲುವುದು ಗೆದ್ದಿತು. "ಅದೇ ಮರದ್ದು ಇನ್ನೊಂದು ಹಲಗೆ ಇತ್ತಲ್ಲ, ನಿಮ್ಮ ಅಡಿಗೆಮನೇಲಿ. ಈಗ್ಲೂ ಇದ್ಯಾ?"

ಹದಿನಾರನೆಯ ಗ್ಲಾಸನ್ನು ತೊಳೆಯದೆ ಬಿಟ್ಟು ಬಳೆಗಾರ ಹೊರಗೆ ಬಂದ. ಇನ್ನೂ ಬಿಸಿಲಿತ್ತು. ರೈ ಹೊಲಗಳ ನಡುವಿನ ದಾರಿಯಲ್ಲಿ ಕುಯ್ಲು ಮುಗಿದ ಕೂಳೆ ಹೊಳೆಯುತ್ತಿತ್ತು. ಎದುರಿಗೆ ಸಿಕ್ಕವರು ಒಬ್ಬಿಬ್ಬರು ಮಾತಾಡಿಸಿದರು, ಅವನೂ ಮಾತಾಡಿದ. ಇಂದು ಬೇಗ ಬಿಟ್ರಾ ಎಂದು ಒಬ್ಬ ಕೇಳಿದ್ದಕ್ಕೆ ಹೌದು ಅಂದ. ನಡೆಯುತ್ತ ನಡೆಯುತ್ತ ಅವನಿಗೆ ವಿಚಿತ್ರವೆನಿಸಿದ್ದು ಇಷ್ಟು: ಸಿಟ್ಟು ಬರಬೇಕಾದ ಜಾಗದಲ್ಲಿ ಬರುತ್ತಿದ್ದದ್ದು ನಾಚಿಕೆ. ಸುಳ್ಳು ಹೇಳಿದವರು ಅವರು, ತಲೆ ತಗ್ಗಿಸಿ ನಡೆಯುತ್ತಿರುವವನು ತಾನು. ಆ ರುಚಿ ಮಾತ್ರ ನಾಲಿಗೆಯ ಬೇರಿನಲ್ಲಿ ಇನ್ನೂ ಕೂತೇ ಇತ್ತು, ಏನೂ ಆಗಿಲ್ಲವೆಂಬಂತೆ, ಸಿಹಿಯಾಗಿ. ಇಷ್ಟು ಒಳ್ಳೆಯದನ್ನು ತಾನು ಮಾಡಿದ್ದ. ಒಂದೂವರೆ ವರ್ಷ ಅದು ಕತ್ತಲಲ್ಲಿ ಮಲಗಿ ಒಳ್ಳೆಯದಾಗುತ್ತಲೇ ಇತ್ತು, ತಾನು ಮೇಲೆ ನಿಂತು ಅದಕ್ಕಾಗಿ ಗ್ಲಾಸು ತೊಳೆಯುತ್ತಿದ್ದ. ಬೆಳಿಗ್ಗೆ ಮನೆಯಿಂದ ಹೊರಡುವಾಗ ಹೆಂಡತಿ ಎಂದಿನಂತೆ ಅರ್ಧ ಲೋಟ ಚಹಾ ಕೊಟ್ಟಿದ್ದಳು. "ಏನೇ, ಔಷಧಿ ಹಾಗೆ ಅಳೆದು ಕೊಡ್ತೀಯಲ್ಲ," ಎಂದು ಅವನು ಎಂದಿನಂತೆ ಅಂದಿದ್ದ. "ಕುಡಿದು ಇನ್ನೊಂದು ಸಲ ಕೇಳಿ, ಬಿಸಿಯಾಗಿ ಕೊಡ್ತೀನಿ," ಎಂದು ಅವಳೂ ಎಂದಿನಂತೆ. ಅದೂ ಈ ದಿನವೇ ನಡೆದದ್ದೆಂದು ನಂಬಲು ಕಷ್ಟವಾಯಿತು.

ಅವಳು ಅಡಿಗೆಮನೆಯಲ್ಲಿ ಕಾಳು ಆರಿಸುತ್ತ ಕೂತಿದ್ದಳು. ಮೂಲೆಯಲ್ಲಿ ನೀರಿನ ಮಣ್ಣಿನ ಗಡಿಗೆ, ಗಡಿಗೆಯ ಕೆಳಗೆ ಗೋಡೆಗೆ ಬಡಿದ ಹಲಗೆ. ಅದು ಹಿಪ್ಪುನೇರಳೆಯ ಎರಡನೆಯ ಹಲಗೆ. ತಣ್ಣೀರು ಬಿದ್ದು ಬಿದ್ದು ಅದರ ಹಳದಿ, ಹಳೆಯ ಜೇನಿನ ಬಣ್ಣಕ್ಕೆ ತಿರುಗಿತ್ತು. ಅವನು ಅದನ್ನೇ ನೋಡುತ್ತ ನಿಂತಿದ್ದನ್ನು ನೋಡಿ ಅವಳು ಮೊರವನ್ನು ಪಕ್ಕಕ್ಕಿಟ್ಟಳು.

"ಏಳನೇದು ಕುಡಿದೆ," ಅಂದ.

ಅವಳು ಸೆರಗಿನಿಂದ ಬೆರಳು ಒರೆಸಿಕೊಂಡಳು, ಒಂದೊಂದನ್ನೇ.

"ಹಲಗೆ ವಿಷಯ ನೀನು ಹೇಳಿದ್ಯಾ ಅವನಿಗೆ?"

"ಹೂಂ."

ಇಷ್ಟು ಸುಲಭವಾಗಿ ಒಪ್ಪಬಹುದೆಂದು ಅವನು ಎಣಿಸಿರಲಿಲ್ಲ. ದಾರಿಯುದ್ದಕ್ಕೂ ಅವಳ ಬಾಯಲ್ಲಿ ಇಲ್ಲ ಎಂಬುದನ್ನು ಇಟ್ಟು, ಅದಕ್ಕೆ ಉತ್ತರ ಜೋಡಿಸಿಕೊಂಡು ಬಂದಿದ್ದ. ಈಗ ಆ ಉತ್ತರಗಳು ಕೈಯಲ್ಲೇ ಉಳಿದವು.

"ಅವನಿಗೆ ಹೇಳಿದ ಆ ವಾರ ಬಾಚಿ ಜಾರಿ ನಿಮ್ಮ ಮಂಡಿ ಪಕ್ಕ ಬಿತ್ತು," ಅಂದಳು. "ಇಷ್ಟು ಈಚೆ ಬಿದ್ದಿದ್ರೆ ಕಾಲೇ ಹೋಗ್ತಿತ್ತು. ನಾನು ಬುತ್ತಿ ತಗೊಂಡು ಬಾಗಿಲಲ್ಲಿ ನಿಂತಿದ್ದೆ. ನೀವು ಕಾಲು ಸವರಿಕೊಂಡು, ಯಾರಾದ್ರೂ ಕಂಡ್ರಾ ಅಂತ ಸುತ್ತ ನೋಡಿದ್ರಿ. ನಾನು ಹಿಂದಕ್ಕೆ ಸರಿದೆ."

"ನನ್ನನ್ನೇ ಕೇಳಬಹುದಿತ್ತು."

"ಕೇಳಿದ್ರೆ ಏನಂತಿದ್ರಿ?"

ಏನನ್ನುತ್ತಿದ್ದೆನೆಂದು ಅವನಿಗೆ ಗೊತ್ತಿತ್ತು. ನಿನಗೇನು ಗೊತ್ತು ಕೆಲಸದ ವಿಷಯ ಅನ್ನುತ್ತಿದ್ದೆ. ಆಮೇಲೆ ಎರಡು ದಿನ ಮಾತು ಬಿಡುತ್ತಿದ್ದೆ.

"ಹುಳಿ ಬಂತು ಅನ್ನೋದು ಯಾರ ಯೋಚನೆ?"

"ಅವನದು. ಹೇಗಾದ್ರೂ ಮಾಡಿ ಆ ಕೆಲಸ ಬಿಡಿಸು ಅಂದಿದ್ದೆ ನಾನು. ಅವನು ಇದನ್ನ ಹುಡುಕಿದ. ತಪ್ಪು ತಮ್ಮದೇ ಅಂತ ಆದ್ರೆ ಭಾವ ತಾವೇ ಕೀಲಿ ಕೊಡ್ತಾರೆ ಅಂದ." ತಡೆದು ಅಂದಳು: "ನಾನು ಬೇಡ ಅನ್ನಲಿಲ್ಲ."

"ಚೆಲ್ಲಿಲ್ಲ ಅಂತ ನಿನಗೆ ಗೊತ್ತಿತ್ತಾ?"

ಅವಳು ಮೊರವನ್ನು ಮತ್ತೆ ಹತ್ತಿರ ಎಳೆದುಕೊಂಡಳು. ಆರಿಸಲು ಅದರಲ್ಲಿ ಏನೂ ಉಳಿದಿರಲಿಲ್ಲ.

"ಒಂದು ದಿನ ಸೀಸೇಲಿ ಸ್ವಲ್ಪ ತಂದಿದ್ದ. ನೀವಿರಲಿಲ್ಲ."

"ಕುಡಿದ್ಯಾ?"

"ಒಂದು ಗುಟುಕು."

ಮೂವತ್ತನಾಲ್ಕು ವರ್ಷದಲ್ಲಿ ಅವಳು ಬಿಯರನ್ನು ಬಾಯಿಗೆ ಹಾಕಿದ್ದನ್ನು ಅವನು ನೋಡಿರಲಿಲ್ಲ. ಅವನ ಅಂಗಿಯ ವಾಸನೆಗೇ ಮೂಗು ಮುರಿಯುತ್ತಿದ್ದಳು. ಮೊದಲ ಗುಟುಕು ಕಟ್ಟಿದವನದು ಎಂದು ಹಳೆಯ ಯಜಮಾನ ಪೀಪಾಯಿಯ ಬೆನ್ನು ತಟ್ಟಿ ಕೂಗುತ್ತಿದ್ದದ್ದು ನೆನಪಾಯಿತು. ಕೇಳಬಾರದೆಂದು ಅಂದುಕೊಳ್ಳುತ್ತಲೇ ಕೇಳಿದ.

"ಹೇಗಿತ್ತು?"

"ನಮ್ಮಪ್ಪನ ಅಂಗಳದ ಹಾಗೆ," ಅಂದಳು. ಅವಳ ಕಣ್ಣು ತುಂಬಿತ್ತು. ಅದು ಅಪ್ಪನ ಅಂಗಳಕ್ಕೋ ಅವನಿಗೋ ಗೊತ್ತಾಗಲಿಲ್ಲ. "ಅವತ್ತು ರಾತ್ರಿಯೆಲ್ಲ ನಿಮಗೆ ಹೇಳಬೇಕು ಅನ್ನಿಸ್ತು. ಬೆಳಿಗ್ಗೆ ನೀವು ಅಂಗಿ ಗುಂಡಿ ಹಾಕ್ಕೊಳ್ಳೋಕೆ ಪಡೋ ಪಾಡು ನೋಡಿ ಸುಮ್ಮನಾದೆ."

ಅವನು ಗೋಡೆಗೆ ಒರಗಿದ. ಅಂಗಿಯ ಗುಂಡಿಯನ್ನೂ ನೋಡಿದ್ದಾರೆ. ಎರಡೂ ಕೈಯಲ್ಲಿ ಲೋಟ ಹಿಡಿಯುವುದನ್ನು, ಕೀಲಿ ಬಿಡಿಸಲು ಹಿಡಿದ ಹೊತ್ತನ್ನು, ಪೆನ್ಸಿಲು ಆಡಿದ್ದನ್ನು. ತಾನು ಯಾರಿಗೂ ಕಾಣದಂತೆ ಮುಚ್ಚಿಟ್ಟುಕೊಂಡು ತಿರುಗಿದ್ದು ಊರಿಗೆಲ್ಲ ಕಾಣುತ್ತಿತ್ತು. ಕಂಡವರು ಕಾಣದವರ ಹಾಗೆ ಇದ್ದು ಅವನನ್ನು ಸಾಕುತ್ತಿದ್ದರು. ಬೈದಿದ್ದರೆ ಜಗಳವಾಡಬಹುದಿತ್ತು. ಇದರ ಜೊತೆ ಹೇಗೆ ಜಗಳವಾಡುವುದು.

"ಬಾಯಿ ಒಣಗಿದೆ," ಅಂದ. "ನೀರು ಕೊಡು."

ಅವಳು ಎದ್ದಳು. ಗಡಿಗೆಯ ಮುಚ್ಚಳ ತೆಗೆದು, ಲೋಟ ಅದ್ದಿ ತೆಗೆದು, ಅರ್ಧದಷ್ಟನ್ನು ಮತ್ತೆ ಗಡಿಗೆಗೇ ಸುರಿದು, ಉಳಿದದ್ದನ್ನು ಚಾಚಿದಳು. ಯೋಚಿಸಿ ಮಾಡಿದ್ದಲ್ಲ, ಕೈಗೆ ರೂಢಿಯಾದದ್ದು. ಸುರಿದ ಸದ್ದು ಅವನ ಕಿವಿಯಲ್ಲಿ ಉಳಿಯಿತು. ದಿನಾ ಕೇಳಿದ ಸದ್ದು. ಒಂದೂವರೆ ವರ್ಷದ ಚಹಾ, ಹಾಲು, ನೀರು, ಎಲ್ಲ ಅರ್ಧ ಅರ್ಧ ಲೋಟವಾಗಿ ಕಣ್ಣ ಮುಂದೆ ಸಾಲು ನಿಂತವು. ಔಷಧಿ ಹಾಗೆ ಅಳೀತೀಯ ಎಂದು ತಾನು ದಿನಾ ನಕ್ಕಿದ್ದು, ಅವಳು ದಿನಾ ಅದೇ ಉತ್ತರ ಕೊಟ್ಟಿದ್ದು.

ಅವನು ಆ ಲೋಟವನ್ನು ತೆಗೆದುಕೊಂಡು ಗಡಿಗೆಯ ಹತ್ತಿರ ಹೋದ. ಒಂದೇ ಕೈಯಲ್ಲಿ ಹಿಡಿದು ಅದ್ದಿದ. ಕಂಠದವರೆಗೆ, ಇನ್ನೊಂದು ಹನಿ ಹಿಡಿಯದಂತೆ ತುಂಬಿಸಿ ಮೇಲೆತ್ತಿದ. ನೀರಿನ ಮೇಲ್ಮೈ ಒಂದು ಕ್ಷಣ ಕನ್ನಡಿಯ ಹಾಗೆ ನಿಂತಿತು. ಆಮೇಲೆ ಅಂಚಿನಲ್ಲಿ ಅಲುಗಿತು. ಮೊದಲ ಹನಿ ಹಿಪ್ಪುನೇರಳೆಯ ಹಲಗೆಯ ಮೇಲೆ ಬಿತ್ತು, ಎರಡನೆಯದು ಅವನ ಮುಂಗೈ ಮೇಲೆ. ಲೋಟ ಎದೆಯ ಮಟ್ಟಕ್ಕೆ ಬರುವಷ್ಟರಲ್ಲಿ ನೀರು ಮೊಣಕೈಯವರೆಗೆ ಇಳಿದು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಆದರೂ ಅವನು ಎತ್ತುತ್ತಲೇ ಇದ್ದ, ಅವಳ ಮುಖವನ್ನೇ ನೋಡುತ್ತ. ಅವಳು ಅವನನ್ನು ನೋಡುತ್ತಿರಲಿಲ್ಲ. ನೆಲ ಒರೆಸುವ ಬಟ್ಟೆ ಆಗಲೇ ಅವಳ ಕೈಯಲ್ಲಿತ್ತು.